ಸ್ಪೇಸ್‌ಶಿಪ್ ಮಾಡೆಲ್‌ಗೆ ವಾಶ್ (ತಗ್ಗುಗಳಿಗೆ ಇಳಿಸೋ ತೆಳು ಬಣ್ಣ) ಹಾಕಿದರೆ ಇಡೀ ನೌಕೆಗೆ ಮಸಿ ಬಳಿದ ಹಾಗಾಗುತ್ತೆ. ಉಬ್ಬು ಭಾಗಗಳು ಎದ್ದು ಕಾಣೋಕೆ ಏನು ಮಾಡಬೇಕು?

ನೀವು ಬರೆದಿರೋ ಪ್ರಕಾರ ನೌಕೆಗೆ ತಿಳಿ ಬೂದು ಮ್ಯಾಟ್ (ಹೊಳಪಿಲ್ಲದ) ಬಣ್ಣ ಹೊಡೆದು, ಅದರ ಮೇಲೆ ಕಪ್ಪು ಅಕ್ರಿಲಿಕ್‌ಗೆ ನೀರು ಬೆರೆಸಿ ಬಳಿದಿದ್ದೀರಿ. ಒಣಗಿದ ಮೇಲೆ ಚಪ್ಪಟೆ ಜಾಗದಲ್ಲೆಲ್ಲ ಕಲೆ ಉಳಿದಿದೆ, ಪೈಪು ಬೋಲ್ಟುಗಳ ಸುತ್ತ ಬರಬೇಕಾದ ಕಪ್ಪು ಬಂದಿಲ್ಲ. ನನ್ನ ಮೊದಲ ಮೂರು ನೌಕೆಗಳೂ ಹೀಗೇ ಆಗಿದ್ದವು. ನಿಮ್ಮ ಕೈಯಲ್ಲಿ ತಪ್ಪಿಲ್ಲ. ವಾಶ್ ಬೀಳೋ ಮೈ ಒರಟಾಗಿದೆ, ಬೆರೆಸಿದ ನೀರು ಈ ಕೆಲಸಕ್ಕೆ ಒಗ್ಗೋದಿಲ್ಲ, ಅಷ್ಟೇ.

ಮನೆಯಲ್ಲಿ ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಾಕಿ ಉಜ್ಜೋದನ್ನು ನೋಡಿರುತ್ತೀರಿ. ಮೇಲಿನ ಹಂಸದ ಕೊಕ್ಕು, ಬೆನ್ನು ಫಳಫಳ ಹೊಳೆಯುತ್ತೆ, ಗರಿಗಳ ಸಂದಿಯಲ್ಲಿ ಮಾತ್ರ ಹಳೇ ಕಪ್ಪು ಹಾಗೇ ಕೂತಿರುತ್ತೆ. ಆ ಕಪ್ಪು ಇರೋದರಿಂದಲೇ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಾಣೋದು. ವಾಶ್ ಕೆಲಸವೂ ಇಷ್ಟೇ: ತಗ್ಗಿನಲ್ಲಿ ಕಪ್ಪು ನಿಲ್ಲಬೇಕು, ಉಬ್ಬಿನ ಮೇಲಿಂದ ಅದು ಪೂರ್ತಿ ಹೋಗಬೇಕು. ಸೋಮನಾಥಪುರದ ಶಿಲ್ಪಗಳನ್ನು ಇಳಿಬಿಸಿಲಿನಲ್ಲಿ ನೋಡಿದರೆ ನೆರಳೇ ಈ ಕೆಲಸ ಮಾಡುತ್ತೆ. ನಮ್ಮ ಮಾಡೆಲ್‌ನಲ್ಲಿ ಅಂಥ ನೆರಳು ಬೀಳೋಕೆ ಜಾಗವೇ ಇರಲ್ಲ. ಹತ್ತು ಸೆಂಟಿಮೀಟರ್ ದಪ್ಪದ ಪೈಪು 1/144 ಅಳತೆಯಲ್ಲಿ, ಅಂದರೆ ನಿಜದ 144ನೇ ಒಂದು ಭಾಗದಲ್ಲಿ, 0.7 ಮಿಲಿಮೀಟರ್ ಆಗುತ್ತೆ. ನಿಜವಾದ ಸ್ಪೇಸ್ ಶಟಲ್‌ನ ಹೊಟ್ಟೆಯ ಕಪ್ಪು ಹೆಂಚು ಸುಮಾರು 15 ಸೆಂಟಿಮೀಟರ್ ಚೌಕ, ಇದೇ ಅಳತೆಗೆ ಇಳಿಸಿದರೆ ಒಂದು ಮಿಲಿಮೀಟರ್ ಚಿಲ್ಲರೆ. ಅಷ್ಟು ಚಿಕ್ಕದರ ನೆರಳು ಕಣ್ಣಿಗೆ ಸಿಕ್ಕಲ್ಲ. ಅದಕ್ಕೇ ನೆರಳನ್ನು ನಾವೇ ಬಣ್ಣದಲ್ಲಿ ಇಡಬೇಕು.

ಮ್ಯಾಟ್ ಬಣ್ಣದ ಮೈ ಸೂಕ್ಷ್ಮವಾಗಿ ಒರಟು. ವಾಶ್ ಬಿದ್ದಲ್ಲೇ ಹೀರಿಕೊಂಡು ಕಲೆಯಾಗುತ್ತೆ. ಆದ್ದರಿಂದ ಬೇಸ್ ಬಣ್ಣ ಒಣಗಿದ ಮೇಲೆ ಗ್ಲಾಸ್ (ಹೊಳಪಿನ) ವಾರ್ನಿಶ್ ಒಂದು ಕೋಟ್ ಹೊಡೆದು, ಒಂದು ದಿನ ಪೂರ್ತಿ ಮುಟ್ಟದೆ ಬಿಡಿ. ಅಕ್ರಿಲಿಕ್ ವಾರ್ನಿಶ್ ಸಾಕು. ಮೈಸೂರಿನಲ್ಲಿ ಜೂನ್‌ನಿಂದ ಮಳೆ ಹಿಡಿದ ದಿನಗಳಲ್ಲಿ ಸ್ಪ್ರೇ ವಾರ್ನಿಶ್ ಹೊಡೆಯಲೇಬೇಡಿ. ಗಾಳಿಯ ತೇವಕ್ಕೆ ಅದು ಮಂಜು ಕವಿದ ಹಾಗೆ ಬೆಳ್ಳಗಾಗುತ್ತೆ. ನಾನು ಬಿಸಿಲು ಬಂದ ದಿನಕ್ಕೆ ಕಾದು, ಹನ್ನೊಂದು ಗಂಟೆ ಮೇಲೆ ತಾರಸಿಯಲ್ಲಿ ಹೊಡೆಯುತ್ತೇನೆ.

ಇನ್ನು ನೀರು. ನುಣುಪು ಮೈ ಮೇಲೆ ನೀರು ಹನಿಹನಿಯಾಗಿ ನಿಲ್ಲುತ್ತೆ, ಒಣಗುವಾಗ ಬಣ್ಣವನ್ನೆಲ್ಲ ಅಂಚಿಗೆ ತಳ್ಳಿ ಉಂಗುರ ಬಿಡುತ್ತೆ. ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದರೆ ಸ್ವಲ್ಪ ಪರವಾಗಿಲ್ಲ. ಆದರೆ ಅಕ್ರಿಲಿಕ್‌ನ ದೊಡ್ಡ ತೊಂದರೆ ಅಂದರೆ, ಒಮ್ಮೆ ಒಣಗಿತು ಅಂದರೆ ನೀರಿಗೆ ಮತ್ತೆ ಬಿಡಲ್ಲ. ಆಯಿಲ್ ಬಣ್ಣ ಹಾಗಲ್ಲ, ಗಂಟೆಗಟ್ಟಲೆ ಬಿಟ್ಟರೂ ಟರ್ಪೆಂಟೈನ್ ತಾಗಿಸಿದರೆ ಏಳುತ್ತೆ. ಪೂರ್ತಿ ಒಣಗಿದ ಕೆಳಗಿನ ಅಕ್ರಿಲಿಕ್ಕಿಗೆ ಅದರಿಂದ ಸಾಮಾನ್ಯವಾಗಿ ಏನೂ ಆಗಲ್ಲ.

ಕ್ಯಾಮೆಲ್ ಆಯಿಲ್ ಕಲರ್ ಟ್ಯೂಬು, ಬರ್ನ್ಟ್ ಅಂಬರ್ (ಗಾಢ ಕಂದು) ಒಂದು, ಕಪ್ಪು ಒಂದು ತಗೊಳ್ಳಿ. ಕಡಲೆಕಾಳಿನಷ್ಟು ಬಣ್ಣವನ್ನು ರಟ್ಟಿನ ಮೇಲೆ ಅರ್ಧ ಗಂಟೆ ಇಟ್ಟರೆ ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರುತ್ತೆ, ವಾಶ್ ಬೇಗ ಒಣಗುತ್ತೆ. ಆಮೇಲೆ ಒಂದು ಟೀ ಚಮಚ ಟರ್ಪೆಂಟೈನ್‌ನಲ್ಲಿ ಕಲಸಿ. ಎರಡನೇ ಸಲ ಇಳಿಸಿದ ಡಿಕಾಕ್ಷನ್ ಇರುತ್ತಲ್ಲ, ಅಷ್ಟು ತೆಳ್ಳಗಿರಲಿ. ಬರೀ ಕಪ್ಪು ಬೇಡ, ಬೂದು ನೌಕೆಗೆ ಕಂದು ಮುಂದಾಗಿ ಕಪ್ಪು ಸ್ವಲ್ಪ ಬೆರೆಸಿದ್ದೇ ಚೆನ್ನ. ಕಿಟಕಿ ತೆಗೆದಿಡಿ, ಹತ್ತಿರ ದೀಪ, ಊದುಬತ್ತಿ ಏನೂ ಬೇಡ.

ಟರ್ಪೆಂಟೈನ್ ಬದಲು ಥಿನ್ನರ್ ಯಾರು ಕೊಟ್ಟರೂ ತಗೋಬೇಡಿ. "ಎರಡೂ ಒಂದೇ" ಅಂತ ಒಬ್ಬ ಅಂಗಡಿಯವರು ಕೊಟ್ಟ ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ ಬಳಸೋ) ಥಿನ್ನರ್ ನಂಬಿ, ಎರಡು ವಾರ ಕೂತು ಅಂಟಿಸಿದ ಎಂಜಿನ್ ಭಾಗವನ್ನು ಕಳಕೊಂಡೆ. ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಮೆತ್ತಗಾಗಿ, ಸಣ್ಣ ಪೈಪುಗಳೆಲ್ಲ ಒಂದಕ್ಕೊಂದು ಕೂಡಿಕೊಂಡವು. ಅದನ್ನು ಇನ್ನೂ ಎಸೆದಿಲ್ಲ. ಗೋಂದಿಲ್ಲದೆ ಒತ್ತಿ ಕೂರಿಸೋ ಕಿಟ್ ಆದರೆ ಟರ್ಪೆಂಟೈನ್ ಕೂಡ ಜಾಸ್ತಿ ಸುರಿಯಬೇಡಿ. ಬಿಗಿಯಾಗಿ ಕೂತ ಕೀಲುಗಳಿಗೆ ಇಳಿದರೆ ಪ್ಲಾಸ್ಟಿಕ್ ಸೀಳುತ್ತೆ.

ಈಗ ಹಚ್ಚೋದು. ನೌಕೆಗೆಲ್ಲ ಬಳಿಯಬೇಡಿ. ಸೊನ್ನೆ ನಂಬರ್ ಬ್ರಶ್ಶಿನ ತುದಿ ಅದ್ದಿ, ಒಂದು ಹ್ಯಾಚ್‌ನ (ನೌಕೆಯ ಮುಚ್ಚಳ-ಬಾಗಿಲಿನ) ಬುಡಕ್ಕೆ ಸುಮ್ಮನೆ ತಾಗಿಸಿ. ಕಂದು ಗೆರೆ ತಾನಾಗಿಯೇ ಹ್ಯಾಚ್ ಸುತ್ತ ಓಡಿ, ಹಿಂದಿನಿಂದ ಬಂದು ಕೂಡಿಕೊಳ್ಳುತ್ತೆ. ಶಾಲೆಯಲ್ಲಿ ಲೋಮನಾಳ ಕ್ರಿಯೆ ಅಂತ ಓದಿದ್ದೆವಲ್ಲ, ಅದೇ. ಆರು ಬೋಲ್ಟಿದ್ದರೆ ಆರರ ಸುತ್ತಲೂ ಕೂದಲೆಳೆಯಷ್ಟು ಉಂಗುರ ನಿಲ್ಲುತ್ತೆ. ಮೊದಲ ಸಲ ಅದನ್ನು ಭೂತಗನ್ನಡಿಯಲ್ಲಿ ನೋಡಿದಾಗ, ಅಷ್ಟು ದಿನ ಅಲ್ಲಿ ಬೋಲ್ಟುಗಳಿದ್ದವು ಅನ್ನೋದೇ ನನಗೆ ಗೊತ್ತಿರಲಿಲ್ಲ ಅನ್ನಿಸಿತು.

ಇಪ್ಪತ್ತು ನಿಮಿಷ, ಅರ್ಧ ಗಂಟೆ ಬಿಟ್ಟು ಒರೆಸಿ. ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೇ. ಇಯರ್ ಬಡ್ಸ್ (ಹತ್ತಿ ಕಡ್ಡಿ) ಅನ್ನು ಟರ್ಪೆಂಟೈನ್‌ನಲ್ಲಿ ಅದ್ದಿ, ಟಿಶ್ಯೂ ಮೇಲೆ ಒತ್ತಿ, ಬರೀ ತೇವ ಉಳಿದಾಗ ಉಬ್ಬಿನ ತಲೆ ಮೇಲೆ ಹಗುರವಾಗಿ ಎಳೆಯಿರಿ. ಒದ್ದೆ ಜಾಸ್ತಿಯಾದರೆ ತಗ್ಗಿನದೂ ಎದ್ದು ಬರುತ್ತೆ. ವಾತಾವರಣಕ್ಕೆ ಇಳಿಯೋ ನೌಕೆಯಾದರೆ ಮುಂದಿನಿಂದ ಹಿಂದಕ್ಕೆ ಒರೆಸಿ, ಉಳಿಯೋ ತೆಳು ಗೀರು ಗಾಳಿ ಎಳೆದ ಹಾಗಿರುತ್ತೆ. ಬಾಹ್ಯಾಕಾಶದಲ್ಲೇ ಇರೋ ನೌಕೆಗೆ ಮಳೆ ಸೋರಿದ ಗೀರು ಹಾಕೋರನ್ನು ನೋಡಿದ್ದೇನೆ, ನನಗದು ಒಪ್ಪಿಗೆಯಿಲ್ಲ. ಅಲ್ಲಿ ಮಳೆಯೂ ಇಲ್ಲ, ಕೆಳಗೆ ಅನ್ನೋ ದಿಕ್ಕೂ ಇಲ್ಲ. ಮಸಿ ಇರಬೇಕಾದ್ದು ಥ್ರಸ್ಟರ್ (ನೌಕೆಯನ್ನು ತಳ್ಳೋ ಎಂಜಿನ್) ಬಾಯಿಯ ಸುತ್ತ.

ಎರಡು ದಿನ ಒಣಗಿಸಿ ಮ್ಯಾಟ್ ವಾರ್ನಿಶ್ ಹೊಡೆಯಿರಿ. ಕೊನೆಗೆ ಬೇಸ್‌ಗಿಂತ ತಿಳಿಯಾದ ಬೂದನ್ನು ಬ್ರಶ್ಶಿಗೆ ತಗೊಂಡು, ಪೇಪರ್ ಮೇಲೆ ಒರೆಸಿ ಒರೆಸಿ, ಇನ್ನೇನು ಬಣ್ಣವೇ ಇಲ್ಲ ಅನ್ನುವಾಗ ಅಂಚುಗಳ ಮೇಲೆ ಆಡಿಸಿ. ಇದು ಡ್ರೈಬ್ರಶ್. ತಗ್ಗು ಕಪ್ಪಾಗಿ, ಅಂಚು ಬೆಳ್ಳಗಾದಾಗಲೇ ಉಬ್ಬು ನಿಜವಾಗಿ ಏಳೋದು.

ಈಗ ಕೈಯಲ್ಲಿರೋ ನೌಕೆಯನ್ನು ಬಿಡಬೇಡಿ. ಆ ಕಪ್ಪು ಅಕ್ರಿಲಿಕ್ಕನ್ನು ಕೆರೆಯೋಕೆ ಹೋದರೆ ಕೆಳಗಿನ ಬಣ್ಣವೂ ಬರುತ್ತೆ. ಅದರ ಬದಲು ಮೊದಲಿನ ಬೂದು ಬಣ್ಣವನ್ನೇ ಅಗಲವಾದ ಮೆತ್ತನೆ ಬ್ರಶ್ಶಿನಲ್ಲಿ, ಇದೇ ಡ್ರೈಬ್ರಶ್ ರೀತಿ, ಚಪ್ಪಟೆ ಜಾಗಗಳ ಮೇಲೆ ಎರಡು ಮೂರು ಸಲ ಆಡಿಸಿ. ಕಲೆ ಮುಚ್ಚಿಹೋಗುತ್ತೆ, ಮೂಲೆಗಳಲ್ಲಿ ಅಲ್ಪಸ್ವಲ್ಪ ಇಳಿದ ಕಪ್ಪು ಉಳಿಯುತ್ತೆ. ಅದು ಒಣಗಿದ ಮೇಲೆ ಗ್ಲಾಸ್ ಹೊಡೆದು, ಮೊದಲು ಹೊಟ್ಟೆಯ ಕಡೆ ಒಂದು ಸಣ್ಣ ಜಾಗದಲ್ಲಿ ಆಯಿಲ್ ವಾಶ್ ಹಾಕಿ ನೋಡಿ.