ಆ ಕಾರಂಜಿಯಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ?

ಆತ್ಮೀಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹ್ಯಾರಿ ಪಾಟರ್ ಕಥೆಗಳಲ್ಲಿ ಮಾಂತ್ರಿಕರ ಮನೆಗೆಲಸ ಮಾಡುವ ಎಲ್ಫ್ ಎಂಬ ಪುಟ್ಟ ಮಾಯಾಜೀವಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಹಾಕಿದ ಲೇಖನ ನಿಮಗೆ ಬೇಸರ ತಂದಿದೆ. ‘ಹತ್ತು ವರ್ಷದ ನನ್ನ ಮಗಳು ಖುಷಿಯಿಂದ ಓದುತ್ತಿದ್ದಾಳೆ. ಅವಳ ಮಾಯಾಲೋಕಕ್ಕೆ ಗುಲಾಮಗಿರಿ, ರಾಜಕೀಯ ಎಲ್ಲ ಯಾಕೆ ತರುತ್ತೀರಿ? ಇವತ್ತು ಟೀಕೆ ಮಾಡುತ್ತೀರಿ, ನಾಳೆ ಪುಸ್ತಕ ಕಿತ್ತುಕೊಳ್ಳಿ ಅನ್ನುತ್ತೀರಿ’ ಎಂದು ಬರೆದಿದ್ದೀರಿ.

ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲ. 2000ದಿಂದ 2009ರವರೆಗೆ ಅತಿ ಹೆಚ್ಚು ಆಕ್ಷೇಪ ಬಂದ ಪುಸ್ತಕಗಳ ಪಟ್ಟಿಯನ್ನು ಅಮೆರಿಕದ ಲೈಬ್ರರಿ ಸಂಘ ಮಾಡಿದಾಗ ಮೊದಲ ಹೆಸರು ಈ ಸರಣಿಯದ್ದೇ ಆಗಿತ್ತು. ಮಾಟಮಂತ್ರ ಕಲಿಸುತ್ತದೆ ಎಂಬುದು ದೊಡ್ಡ ದೂರು. ಆ ದೂರು ಕೊಟ್ಟವರ ಸಾಲಿನಲ್ಲಿ ನಾವು ನಿಲ್ಲುವುದಿಲ್ಲ.

ಆದರೆ ರಾಜಕೀಯವನ್ನು ನಾವು ಹೊರಗಿನಿಂದ ತಂದೆವು ಅನ್ನುವುದನ್ನು ಒಪ್ಪಲಾರೆ. ಅದು ಕಥೆಯಲ್ಲೇ ಇದೆ. 2000ದಲ್ಲಿ ಬಂದ ನಾಲ್ಕನೇ ಭಾಗ ನೋಡಿ. ಶಾಲೆಯಲ್ಲಿ ನೂರಕ್ಕೂ ಹೆಚ್ಚು ಎಲ್ಫ್‌ಗಳು ಸಂಬಳವಿಲ್ಲದೆ ದುಡಿಯುತ್ತಿವೆ ಎಂದು ತಿಳಿದ ಕೂಡಲೇ ಹ್ಯಾರಿಯ ಗೆಳತಿ ಹರ್ಮಯೋನಿ ಊಟದ ತಟ್ಟೆ ತಳ್ಳುತ್ತಾಳೆ. ಎಲ್ಫ್‌ಗಳ ಹಕ್ಕಿಗಾಗಿ ಸಂಘ ಕಟ್ಟುತ್ತಾಳೆ, ಬ್ಯಾಡ್ಜ್ ಮಾರುತ್ತಾಳೆ. ಗೆಳೆಯರು ನಗುತ್ತಾರೆ, ಕಥೆಯೂ ಅವರ ಜೊತೆ ಸೇರಿ ನಗುತ್ತದೆ. ಎಲ್ಫ್‌ಗಳಿಗೇ ಬಿಡುಗಡೆ ಬೇಡವಂತೆ. ಬಿಡುಗಡೆಯಾದ ಎಲ್ಫ್ ವಿಂಕಿ ಕುಡಿದು ಅಳುತ್ತ ಕೂರುತ್ತಾಳೆ. ಬಿಡುಗಡೆಯಾದ ಇನ್ನೊಬ್ಬ ಎಲ್ಫ್ ಡಾಬಿಗೆ ಹೆಡ್‌ಮಾಸ್ಟರ್ ಡಂಬಲ್‌ಡೋರ್ ವಾರಕ್ಕೆ ಹತ್ತು ಗ್ಯಾಲಿಯನ್ (ಮಾಂತ್ರಿಕರ ಚಿನ್ನದ ನಾಣ್ಯ) ಸಂಬಳ, ಪ್ರತಿ ವಾರಾಂತ್ಯಕ್ಕೆ ರಜೆ ಕೊಡುತ್ತೇನೆ ಅಂದರೆ, ಅವನೇ ಚೌಕಾಸಿ ಮಾಡಿ ಒಂದು ಗ್ಯಾಲಿಯನ್‌ಗೆ, ತಿಂಗಳಿಗೊಂದು ರಜೆಗೆ ಇಳಿಸಿಕೊಳ್ಳುತ್ತಾನೆ! ಇಲ್ಲಿ ಮಕ್ಕಳಿಗೆ ನಗು ಬರುತ್ತದೆ. ಮೊದಲ ಓದಿನಲ್ಲಿ ನನಗೂ ಬಂದಿತ್ತು. ಆಮೇಲೆ ಒಂದು ವಿಷಯ ನೆನಪಾಯಿತು. ‘ಅವರಿಗೆ ಹೀಗಿರುವುದೇ ಇಷ್ಟ’ ಎಂಬ ಮಾತನ್ನು ನಿಜವಾದ ಚರಿತ್ರೆಯಲ್ಲಿ ಗುಲಾಮರ ಒಡೆಯರೇ ಹೇಳುತ್ತಿದ್ದರು, ಅಲ್ವಾ? ಆ ನಗು ಅಲ್ಲಿಗೇ ನಿಂತಿತು.

ಲೇಖಕಿಗೆ ಕರುಣೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಏಳನೇ ಭಾಗದಲ್ಲಿ ಡಾಬಿ ಸತ್ತಾಗ ಹ್ಯಾರಿ ಮಂತ್ರ ಬಳಸದೆ ಕೈಯಾರೆ ಗುಂಡಿ ತೋಡುತ್ತಾನೆ. (ಇದನ್ನು ನಿಮ್ಮ ಮಗಳಿಗೆ ಈಗಲೇ ಹೇಳಬೇಡಿ.) ಆ ಪುಟ ನನ್ನನ್ನು ಅಳಿಸಿದೆ. ಆದರೆ ಅದೇ ಪುಸ್ತಕದಲ್ಲಿ ಯುದ್ಧ ಮುಗಿದ ಮೇಲೆ, ಎಲ್ಫ್ ಕ್ರೀಚರ್ ತನಗೊಂದು ಸ್ಯಾಂಡ್‌ವಿಚ್ ತಂದುಕೊಡಬಹುದೇನೋ ಅಂತ ಹ್ಯಾರಿ ಯೋಚಿಸುತ್ತಾನೆ. ಒಬ್ಬನ ಬಿಡುಗಡೆಗೆ ಕಣ್ಣೀರು ಸಿಕ್ಕಿತು. ಉಳಿದವರ ಪ್ರಶ್ನೆ ಎಲ್ಲಿ ಹೋಯಿತು? ನಮ್ಮ ಲೇಖನ ಕೇಳಿದ್ದು ಇಷ್ಟೇ.

ಟೀಕೆಯಿಂದ ಪುಸ್ತಕ ಸಾಯುವುದಿಲ್ಲ. ಮಕ್ಕಳ ಲೇಖಕ ರೋಲ್ಡ್ ಡಾಲ್ ಅವರ ಚಾಕೊಲೇಟ್ ಕಾರ್ಖಾನೆಯ ಕಥೆ 1964ರಲ್ಲಿ ಬಂದಾಗ ಅಲ್ಲಿನ ಕೆಲಸಗಾರರಾದ ಊಂಪಾ ಲೂಂಪಾಗಳು ಆಫ್ರಿಕಾದ ಕಾಡಿನಿಂದ ತಂದ ಕಪ್ಪು ಜನ. ಅವರ ಕೂಲಿ ಕೋಕೋ ಬೀಜ. ಆಕ್ಷೇಪ ಬಂತು. 1973ರ ಆವೃತ್ತಿಯಲ್ಲಿ ಡಾಲ್ ತಾವೇ ಅವರ ಊರು, ಮೈಬಣ್ಣ ಬದಲಿಸಿದರು. 2023ರಲ್ಲಿ ಆದದ್ದು ಬೇರೆ. ಲೇಖಕರು ತೀರಿಕೊಂಡು ಮೂವತ್ತು ವರ್ಷ ಕಳೆದ ಮೇಲೆ ಪ್ರಕಾಶಕರು ಅವರ ಪುಸ್ತಕಗಳಲ್ಲಿ ನೂರಾರು ಕಡೆ ಮಾತು ಬದಲಿಸಿದರು. ನನಗೆ ಅದು ಸರಿ ಕಾಣಲಿಲ್ಲ. ಬಣ್ಣ ಬದಲಾದ ಮೇಲೂ ಊಂಪಾ ಲೂಂಪಾಗಳ ಕೂಲಿ ಕೋಕೋ ಬೀಜವಾಗಿಯೇ ಉಳಿದಿದೆ. ಯಾಕೆ ಹೀಗೆ ಅಂತ ಮಗು ಕೇಳಬೇಕಾದರೆ ಪುಸ್ತಕ ಅದರ ಕೈಯಲ್ಲೇ ಇರಬೇಕು.

ನಿಮ್ಮ ಮಗಳು ಈಗ ನಾಲ್ಕನೇ ಭಾಗ ಓದುತ್ತಿದ್ದಾಳೆ ಅಂದಿರಿ. ದಯವಿಟ್ಟು ಓದಲು ಬಿಡಿ. ಐದನೆಯದರಲ್ಲಿ ಮಾಂತ್ರಿಕರ ಸರ್ಕಾರವಾದ ಮಾಯಾ ಸಚಿವಾಲಯದ ಕಾರಂಜಿ ಬರುತ್ತದೆ. ಅದರ ತುಂಬ ಚಿನ್ನದ ಮೂರ್ತಿಗಳು. ಮಾಂತ್ರಿಕ, ಮಾಂತ್ರಿಕಳು ನಿಂತಿದ್ದಾರೆ. ಸೆಂಟಾರ್ (ಅರ್ಧ ಮನುಷ್ಯ, ಅರ್ಧ ಕುದುರೆ), ಗಾಬ್ಲಿನ್ (ಇನ್ನೊಂದು ಕುಳ್ಳ ಮಾಯಾಜೀವಿ), ಎಲ್ಫ್ ಮೂವರೂ ಭಕ್ತಿಯಿಂದ ತಲೆಯೆತ್ತಿ ಅವರನ್ನೇ ನೋಡುತ್ತಿದ್ದಾರೆ. ಕೊನೆಯಲ್ಲಿ ಅದು ಒಡೆದು ಹೋದಾಗ, ಆ ಕಾರಂಜಿ ಸುಳ್ಳು ಹೇಳುತ್ತಿತ್ತು ಅನ್ನುತ್ತಾರೆ ಡಂಬಲ್‌ಡೋರ್. ಮೂರ್ತಿಯೊಂದನ್ನು ಹೀಗೆ ಓದುವುದನ್ನು ಕಲಿಸುವುದೇ ಈ ಪುಸ್ತಕ. ನಾವು ಪುಸ್ತಕವನ್ನೂ ಹಾಗೇ ಓದಿದೆವು.

ಆ ಪುಟಕ್ಕೆ ಅವಳು ಬಂದಾಗ ಪಕ್ಕದಲ್ಲಿ ಕೂತು ಕೇಳಿ: ಇಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ? ಅವಳು ಏನು ಹೇಳಿದಳು ಅಂತ ನಮಗೆ ಬರೆಯಿರಿ. ಇದೇ ಪುಟದಲ್ಲಿ ಹಾಕುತ್ತೇವೆ.

- ಸಂಪಾದಕರು