ಕಲಬುರಗಿಯಿಂದ ಕೇದಾರನಾಥಕ್ಕೆ ಹಿರಿಯರನ್ನು ಕರೆದೊಯ್ಯುವುದು ಹೇಗೆ?

ಅರವತ್ತು ದಾಟಿದ ತಂದೆ-ತಾಯಿಯನ್ನು ಕಲಬುರಗಿಯಿಂದ ಕರೆದೊಯ್ದು, ಕೇದಾರನಾಥದ ಬೆಟ್ಟವನ್ನು ನಡೆಸಿಕೊಂಡೇ ಹತ್ತಿಸಬಹುದೇ ಎಂದು ಕೇಳಿದ್ದೀರಿ. ವೈದ್ಯರು ಹೃದಯ, ರಕ್ತದೊತ್ತಡ ಪರೀಕ್ಷಿಸಿ ಒಪ್ಪಿದರೆ ಖಂಡಿತ ಹೋಗಬಹುದು. ಆದರೆ ಸಿದ್ಧತೆ ಎರಡು ತಿಂಗಳು ಮೊದಲೇ ಆರಂಭವಾಗಬೇಕು.

ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ, ದೇಗುಲವಿರುವುದು ಸುಮಾರು 3,580 ಮೀಟರ್ ಎತ್ತರದಲ್ಲಿ. ವಾಹನ ಹೋಗುವ ಕೊನೆಯ ಊರಾದ ಗೌರಿಕುಂಡದಿಂದ ಕಾಲುದಾರಿ 16 ಕಿ.ಮೀ.ಗೂ ಹೆಚ್ಚು. 2013ರ ಪ್ರವಾಹದಲ್ಲಿ ನಡುದಾರಿಯ ರಾಮಬಾಡಾದಿಂದ ಮೇಲಿನ ಹಳೆಯ ಹಾದಿ ಕೊಚ್ಚಿಹೋದ ಮೇಲೆ, ಮಂದಾಕಿನಿ ನದಿಯ ಆಚೆ ದಡದಲ್ಲಿ ಹೊಸ ಹಾದಿ ಮಾಡಿರುವುದರಿಂದ, ಆ ಭಾಗದ ಏರು ಬಹಳ ಕಠಿಣವಾಗಿದೆ. ನಮ್ಮ ಬಯಲುಸೀಮೆಯಲ್ಲಿ ಎಷ್ಟು ನಡೆದರೂ ಏರಿನ ಅಭ್ಯಾಸವಾಗದು. ಆದ್ದರಿಂದ ದಿನವೂ ಮೆಟ್ಟಿಲು ಹತ್ತಿಸಿರಿ, ಮಾತನಾಡುತ್ತಲೇ ಹತ್ತುವಷ್ಟು ಉಸಿರು ಉಳಿಯಬೇಕು.

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ ಸೇರಿ, ಹರಿದ್ವಾರದ ಮೂಲಕ ಹೋಗಿರಿ. ಉತ್ತರಾಖಂಡ ಸರ್ಕಾರದ ಯಾತ್ರಾ ನೋಂದಣಿ ಕಡ್ಡಾಯ. ಜುಲೈ, ಆಗಸ್ಟ್ ಬೇಡ, ಮಳೆಗೆ ಗುಡ್ಡ ಕುಸಿಯುತ್ತದೆ. ಸೆಪ್ಟೆಂಬರ್ ಕೊನೆಯ ನಂತರ, ದೀಪಾವಳಿಯ ಹೊತ್ತಿಗೆ ದೇಗುಲದ ಬಾಗಿಲು ಮುಚ್ಚುವ ಮೊದಲು ಹೋಗುವುದೇ ಮೇಲು. ದಾರಿಯಲ್ಲಿ ಸಿಗುವ ಗುಪ್ತಕಾಶಿಯಲ್ಲಿ ಒಂದೆರಡು ರಾತ್ರಿ ತಂಗಿದರೆ ಪ್ರಯಾಣದ ದಣಿವು ಆರುತ್ತದೆ. ತಲೆನೋವಿನೊಡನೆ ವಾಂತಿ, ತೂರಾಟ ಕಂಡರೆ ಅದು ಎತ್ತರ ದೇಹಕ್ಕೆ ಒಗ್ಗದ ಲಕ್ಷಣ, ದೇಗುಲ ಕಣ್ಣೆದುರಿಗಿದ್ದರೂ ಕೂಡಲೇ ಕೆಳಗಿಳಿಸಿರಿ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇರಲಿ. ಚಳಿಯಲ್ಲಿ ಹಸಿವು ಸತ್ತಾಗ ನಾಲಿಗೆಗೆ ಪರಿಚಿತವಾದ ರುಚಿಯೇ ಎರಡು ತುತ್ತು ಇಳಿಸುತ್ತದೆ. ಅಲ್ಲಿನ ರಾವಲರು, ಅಂದರೆ ಪ್ರಧಾನ ಅರ್ಚಕರು, ಪರಂಪರೆಯಿಂದ ಕರ್ನಾಟಕ ಮೂಲದ ವೀರಶೈವರು ಎಂಬುದನ್ನೂ ತಂದೆ-ತಾಯಿಗೆ ತಿಳಿಸಿರಿ, ಅವರಿಗೆ ಸಂತೋಷವಾಗುತ್ತದೆ.