ಶಿಕ್ಷಕರ ಕೈಗೆ ಗನ್: ನಿಮ್ಮ ಲೇಖನಕ್ಕೆ ನನ್ನ ಉತ್ತರ

ಪ್ರಿಯ ಬರಹಗಾರರೇ,

ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸುವುದಿಲ್ಲ. ಹಾಗಂತ ಕೈಬಿಡಿ ಅಂತಲೂ ಹೇಳುತ್ತಿಲ್ಲ. ಇನ್ನೊಮ್ಮೆ ಕೂತು ಬರೆದರೆ ಇದು ಕನ್ನಡದಲ್ಲಿ ಬರಲೇಬೇಕಾದ ಬರಹ. ಅದಕ್ಕೇ ಇಷ್ಟು ಉದ್ದ ಉತ್ತರ.

ನೀವು ಒಹಾಯೊ ರಾಜ್ಯದ ಕೊಲಂಬಸ್ ಹತ್ತಿರ ಇದ್ದೀರಿ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಳೆ. ಅಮೆರಿಕದ ಶಾಲೆಗಳಲ್ಲಿ ಗುಂಡಿನ ದಾಳಿ ನಿಲ್ಲುತ್ತಿಲ್ಲ, ಪೊಲೀಸರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಹಾಗಾಗಿ ಶಿಕ್ಷಕರು ಮತ್ತು ಸಿಬ್ಬಂದಿ ಗನ್ ಇಟ್ಟುಕೊಳ್ಳಲಿ. ಇದು ನಿಮ್ಮ ವಾದ. ನನ್ನ ನಿಲುವನ್ನೂ ಮೊದಲೇ ಹೇಳಿಬಿಡುತ್ತೇನೆ: ಶಿಕ್ಷಕರ ಕೈಗೆ ಗನ್ ಕೊಡಬಾರದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಲೇಖನ ವಾಪಸ್ ಬರುತ್ತಿರುವುದು ಅದಕ್ಕಲ್ಲ. ನಾನು ಒಪ್ಪದ ಎಷ್ಟೋ ಬರಹಗಳನ್ನು ಪ್ರಕಟಿಸಿದ್ದೇನೆ. ನಿಮ್ಮ ಲೇಖನ ಗುಂಡು ಹಾರುವ ಆ ಎರಡು ನಿಮಿಷವನ್ನು ಮಾತ್ರ ನೋಡುತ್ತದೆ. ಉಳಿದ ಇಡೀ ವರ್ಷ ಆ ಗನ್ ಮಕ್ಕಳ ನಡುವೆ ಎಲ್ಲಿರುತ್ತದೆ, ಯಾರ ಮೇಲೆ ಹಾರಬೇಕಾಗುತ್ತದೆ ಅಂತ ಕೇಳುವುದೇ ಇಲ್ಲ. ನನ್ನ ತಕರಾರು ಅಷ್ಟೇ.

ಮೊದಲ ಎರಡು ಪುಟ ತೆಗೆದುಬಿಡಿ. ದ್ರೋಣ, ಪರಶುರಾಮ, ಶಸ್ತ್ರ ಹಿಡಿದ ಗುರುಗಳ ಪರಂಪರೆ ಯಾವುದೂ ಇಲ್ಲಿ ಬೇಡ. ಅವರು ಕಲಿಸುತ್ತಿದ್ದುದೇ ಶಸ್ತ್ರವಿದ್ಯೆ. ನಿಮ್ಮ ಮಗಳ ಟೀಚರ್ ಕೂಡುವ ಕಳೆಯುವ ಲೆಕ್ಕ ಕಲಿಸುತ್ತಾರೆ. ಕೊಡಗಿನ ಪ್ಯಾರಾ ಕೂಡ ಹಾಗೇ. ಕೊಡವರಿಗೆ, ಜಮ್ಮಾ ಅನ್ನುವ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. ಈಗಿನ ಆದೇಶದ ಅವಧಿ 2029ರವರೆಗೆ ಇದೆ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ಹೂ ಮುಡಿಸಿ ಪೂಜಿಸುವುದೂ ನಿಜ. ಆದರೆ ಆ ಕೋವಿ ಮನೆಯಲ್ಲಿರುತ್ತದೆ, ಹಬ್ಬಕ್ಕೆ ಬರುತ್ತದೆ. ಮೇಷ್ಟ್ರು ಅದನ್ನು ಕ್ಲಾಸಿಗೆ ತರುವ ರೂಢಿ ಅಲ್ಲೂ ಇಲ್ಲ. ಊರಿನ ಓದುಗರಿಗೆ ಹತ್ತಿರವಾಗಲಿ ಅಂತ ಸೇರಿಸಿದ್ದೀರಿ, ಗೊತ್ತಾಗುತ್ತದೆ. ಅದರಿಂದ ವಾದಕ್ಕೆ ಬಲ ಬಂದಿಲ್ಲ.

ಇನ್ನು ಆ ಒಂದು ವಾಕ್ಯ. ಕೆಟ್ಟವನ ಕೈಯ ಗನ್ನನ್ನು ತಡೆಯುವುದು ಒಳ್ಳೆಯವನ ಕೈಯ ಗನ್ ಮಾತ್ರ ಅಂತ ಮೂರು ಕಡೆ ಬರೆದಿದ್ದೀರಿ, ನಿಮ್ಮದೇ ಮಾತು ಅನ್ನುವ ಹಾಗೆ. ಅದು ಅಮೆರಿಕದ ಗನ್ ಹಕ್ಕಿನ ಸಂಘಟನೆ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ವೇಯ್ನ್ ಲಾಪಿಯರ್ ಹೇಳಿದ್ದು. ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು ಮತ್ತು 6 ಸಿಬ್ಬಂದಿ ಸತ್ತ ಒಂದು ವಾರಕ್ಕೆ, 2012ರ ಡಿಸೆಂಬರ್ 21ರಂದು. ಅದನ್ನು ಬಳಸಬೇಕಾದರೆ ಯಾರು, ಯಾವಾಗ ಹೇಳಿದ್ದು ಅಂತ ಬರೆಯಿರಿ. ಆಮೇಲೆ ಅದು ನಿಜವೇ ಅಂತ ಪರೀಕ್ಷೆ ಮಾಡಿ. ಪರೀಕ್ಷೆಗೆ ಬೇಕಾದ ಘಟನೆಗಳು ನಿಮ್ಮ ಲೇಖನದಲ್ಲಿ ಒಂದೂ ಇಲ್ಲ.

1999ರಲ್ಲಿ ಕೊಲರಾಡೊದ ಕೊಲಂಬೈನ್ ಹೈಸ್ಕೂಲಿಗೆ ಗನ್ ಹಿಡಿದ ಅಧಿಕಾರಿ ಇದ್ದರು. ಹಂತಕನ ಮೇಲೆ ಗುಂಡು ಹಾರಿಸಿದರು, ತಾಗಲಿಲ್ಲ. 2018ರ ಫೆಬ್ರವರಿ 14ರಂದು ಫ್ಲೋರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ 17 ಜನ ಸತ್ತಾಗ ಶಾಲೆಯ ಸಶಸ್ತ್ರ ಅಧಿಕಾರಿ ಕಟ್ಟಡದ ಹೊರಗೇ ಉಳಿದರು. 2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡಿಯ ರಾಬ್ ಎಲಿಮೆಂಟರಿ ಶಾಲೆಗೆ ಬಂದು ಸೇರಿದ ಪೊಲೀಸರು, ಇತರ ಪಡೆಯವರು ಒಟ್ಟು 376 ಜನ. ಕ್ಲಾಸಿನ ಒಳಗೆ ನುಗ್ಗಿ ಹಂತಕನನ್ನು ಹೊಡೆಯಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಇವರೆಲ್ಲ ತರಬೇತಿ ಪಡೆದವರು, ಗನ್ ಹಿಡಿಯುವುದೇ ಕೆಲಸವಾಗಿದ್ದವರು. ಇದನ್ನು ಮುಟ್ಟದೆ ನಿಮ್ಮ ವಾದ ಮುಂದೆ ಹೋಗುವಂತಿಲ್ಲ.

ಇದಕ್ಕೆ ನಿಮ್ಮ ಕಡೆಯಿಂದ ಒಂದು ಒಳ್ಳೆಯ ಉತ್ತರವೂ ಇದೆ. ಹೊರಗೆ ನಿಂತ ಪೊಲೀಸ್ ಬೇರೆ, ಮಕ್ಕಳ ಜೊತೆ ಅದೇ ಕೋಣೆಯಲ್ಲಿ ಸಿಕ್ಕಿಬಿದ್ದ ಶಿಕ್ಷಕಿ ಬೇರೆ. ಆಕೆಗೆ ಹಿಂದೆ ಸರಿಯಲು ಜಾಗವೇ ಇಲ್ಲ. ಈ ಮಾತನ್ನು ನೀವು ಹೇಳಬೇಕಿತ್ತು. ಅದಕ್ಕೆ ಆಧಾರವೂ ಉಂಟು. 1997ರಲ್ಲಿ ಮಿಸಿಸಿಪಿಯ ಪರ್ಲ್ ಹೈಸ್ಕೂಲಿನ ಉಪಪ್ರಾಂಶುಪಾಲ ತನ್ನ ಟ್ರಕ್ಕಿನಿಂದ ಪಿಸ್ತೂಲು ತಂದು ಹಂತಕನನ್ನು ಹಿಡಿದು ನಿಲ್ಲಿಸಿದರು. ಅಷ್ಟರಲ್ಲಿ ಇಬ್ಬರು ವಿದ್ಯಾರ್ಥಿನಿಯರು ಸತ್ತಿದ್ದರು. ಟೆಕ್ಸಾಸ್‌ನ ಹ್ಯಾರಲ್ಡ್ ಅನ್ನುವ ಸಣ್ಣ ಊರಿನ ಶಾಲೆ 2007ರಷ್ಟು ಹಿಂದೆಯೇ ಸಿಬ್ಬಂದಿಗೆ ಗನ್ ಇಟ್ಟುಕೊಳ್ಳಲು ಅನುಮತಿ ಕೊಟ್ಟಿತು. ಪೊಲೀಸ್ ನೆರವು ಬಹಳ ದೂರ ಅನ್ನುವುದು ಅವರ ಕಾರಣ. ಹಳ್ಳಿಗಾಡಿನ ಆ ಕಷ್ಟ ನಿಜವಾದದ್ದು, ಅದನ್ನು ನಾನೂ ತಳ್ಳಿಹಾಕುವುದಿಲ್ಲ. ಆದರೆ ನೀವಿರುವುದು ದೊಡ್ಡ ನಗರದ ಪಕ್ಕ.

ನೀವು ಇಸ್ರೇಲ್ ಬಗ್ಗೆ ಒಂದು ಪುಟ ಬರೆದಿದ್ದೀರಿ. ಅದಕ್ಕಿಂತ ಪಾಕಿಸ್ತಾನ ನೋಡಿ. 2014ರ ಡಿಸೆಂಬರ್ 16ರಂದು ಪೆಶಾವರದ ಆರ್ಮಿ ಪಬ್ಲಿಕ್ ಸ್ಕೂಲಿನಲ್ಲಿ 130ಕ್ಕೂ ಹೆಚ್ಚು ಮಕ್ಕಳನ್ನು ತಾಲಿಬಾನ್ ಕೊಂದಿತು. ಆಮೇಲೆ ಆ ಪ್ರಾಂತ್ಯದ ಸರ್ಕಾರ ಶಿಕ್ಷಕರಿಗೆ ಗನ್ ಇಟ್ಟುಕೊಳ್ಳಲು ಒಪ್ಪಿತು, ಶಿಕ್ಷಕಿಯರಿಗೂ ಗುಂಡು ಹಾರಿಸುವ ತರಬೇತಿ ಕೊಟ್ಟಿತು. 2016ರ ಜನವರಿಯಲ್ಲಿ ಚಾರ್ಸದ್ದಾದ ಬಾಚಾ ಖಾನ್ ವಿಶ್ವವಿದ್ಯಾಲಯದ ಮೇಲೆ ದಾಳಿಯಾದಾಗ ರಸಾಯನಶಾಸ್ತ್ರದ ಅಧ್ಯಾಪಕ ಸಯ್ಯದ್ ಹಮೀದ್ ಹುಸೇನ್ ಪಿಸ್ತೂಲಿನಿಂದ ಎದುರಿಸಿದರು. ವಿದ್ಯಾರ್ಥಿಗಳಿಗೆ ತಪ್ಪಿಸಿಕೊಳ್ಳಲು ಸಮಯ ಸಿಕ್ಕಿತು. ಅವರು ಅಲ್ಲೇ ಸತ್ತರು. ಇದು ನಿಮ್ಮ ಪರವಾಗಿ ನಿಲ್ಲುವ ದೊಡ್ಡ ಉದಾಹರಣೆ, ಪೂರ್ತಿ ಗೌರವದಿಂದ ಬರೆಯಿರಿ. ಅದರ ಪಕ್ಕದಲ್ಲೇ ಇನ್ನೊಂದನ್ನೂ ಬರೆಯಬೇಕಾಗುತ್ತದೆ. 2015ರಲ್ಲಿ ಸ್ವಾತ್ ಕಣಿವೆಯ ಶಾಲೆಯೊಂದರಲ್ಲಿ ಶಿಕ್ಷಕರೊಬ್ಬರ ಗನ್ ಆಕಸ್ಮಿಕವಾಗಿ ಹಾರಿ ಅಲ್ಲಿನ ಹುಡುಗನೇ ಸತ್ತ. ಅದೇ ಪ್ರಾಂತ್ಯ, ಅದೇ ನೀತಿ. ಹೊರಗಿನಿಂದ ಭಯೋತ್ಪಾದಕರು ನುಗ್ಗುವ ಜಾಗದಲ್ಲೇ ಹೀಗಾದರೆ, ಅಮೆರಿಕದ ಕಥೆ ಇನ್ನೂ ಬೇರೆ.

ಏಕೆಂದರೆ ಅಲ್ಲಿ ಹಂತಕ ಸಾಮಾನ್ಯವಾಗಿ ಹೊರಗಿನವನಲ್ಲ. ನಿಮ್ಮ ಲೇಖನದಲ್ಲಿ ಅವನು ಕಪ್ಪು ಬಟ್ಟೆ ಹಾಕಿದ, ಮುಖ ಮುಚ್ಚಿಕೊಂಡ ಅಪರಿಚಿತ. ನಿಜವಾದ ಪಟ್ಟಿ ನೋಡಿ. 2021ರಲ್ಲಿ ಮಿಶಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ನಾಲ್ವರನ್ನು ಕೊಂದವನು ಅಲ್ಲಿನ 15 ವರ್ಷದ ವಿದ್ಯಾರ್ಥಿ. 2024ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾದ ಅಪಲಾಚಿ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳನ್ನು, ಇಬ್ಬರು ಶಿಕ್ಷಕರನ್ನು ಕೊಂದ ಆರೋಪ ಹೊತ್ತವನು 14 ವರ್ಷದವನು. ಪಾರ್ಕ್‌ಲ್ಯಾಂಡ್, ಯುವಾಲ್ಡಿ, ಸ್ಯಾಂಡಿ ಹುಕ್ ಮೂರೂ ಕಡೆ ಅದೇ ಶಾಲೆಯಲ್ಲಿ ಓದಿ ಹೋದ ಹುಡುಗರು. 2023ರ ಜನವರಿಯಲ್ಲಿ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಒಂದನೇ ಕ್ಲಾಸಿನ ಶಿಕ್ಷಕಿಗೆ ಗುಂಡು ಹೊಡೆದದ್ದು ಅವರದೇ ಕ್ಲಾಸಿನ ಆರು ವರ್ಷದ ಮಗು. ಗನ್ ಅಮ್ಮನದು.

ಈಗ ನಿಮ್ಮ ಪ್ರಸ್ತಾಪವನ್ನು ಈ ಕೋಣೆಗಳ ಒಳಗೆ ಇಟ್ಟು ನೋಡಿ. ನೀವು ಆ ಶಿಕ್ಷಕಿಗೆ ಏನು ಮಾಡಿ ಅನ್ನುತ್ತಿದ್ದೀರಿ? ನಿನ್ನೆ ತಾನೇ ಹೋಂವರ್ಕ್ ತಿದ್ದಿದ ಹುಡುಗನ ಎದೆಗೆ ಗುರಿ ಇಡಿ ಅನ್ನುತ್ತಿದ್ದೀರಿ. ಕಿರುಚುತ್ತಾ ಓಡುವ ಇಪ್ಪತ್ತೈದು ಮಕ್ಕಳ ನಡುವಿನಿಂದ. ಅರೆಕ್ಷಣದಲ್ಲಿ. ಆ ಹುಡುಗನ ಕೈಯಲ್ಲಿರುವುದು ಗನ್ನೋ ಫೋನೋ ಅಂತ ನಿರ್ಧರಿಸಿಕೊಂಡು. ಆ ಹುಡುಗ ಕರಿಯನಾಗಿದ್ದರೆ ಆ ಅರೆಕ್ಷಣದ ಅನುಮಾನ ಯಾವ ಕಡೆ ವಾಲುತ್ತದೆ ಅಂತ ಅಮೆರಿಕದಲ್ಲಿ ಮಗು ಬೆಳೆಸುತ್ತಿರುವ ನಿಮಗೆ ನಾನು ಹೇಳಬೇಕಿಲ್ಲ. ನ್ಯೂಯಾರ್ಕ್ ಪೊಲೀಸರ ಗುಂಡುಗಳ ಲೆಕ್ಕ ತೆಗೆದ, ಸಂಶೋಧನೆ ಮಾಡುವ ರ್‍ಯಾಂಡ್ ಸಂಸ್ಥೆಯ 2008ರ ವರದಿ ಇದೆ. ಎದುರಿನವನೂ ಗುಂಡು ಹಾರಿಸುತ್ತಿದ್ದಾಗ ಪೊಲೀಸರ ಗುಂಡುಗಳಲ್ಲಿ ಗುರಿ ತಾಗಿದ್ದು ಸುಮಾರು 18 ಶೇಕಡಾ. ಉಳಿದವು ಎಲ್ಲೋ ಹೋದವು. ಕ್ಲಾಸ್‌ರೂಮಿನಲ್ಲಿ ಆ ಎಲ್ಲೋ ಅಂದರೆ ಎಲ್ಲಿ? ನೀವು ಗನ್ ಬೇಕು ಅಂತಲೇ ಬರೆಯಿರಿ, ಆದರೆ ಈ ಪ್ರಶ್ನೆಯ ಎದುರು ನಿಂತು ಬರೆಯಿರಿ.

ಗನ್ ಇದ್ದರೆ ಹಂತಕ ಹೆದರುತ್ತಾನೆ ಅಂತಲೂ ಬರೆದಿದ್ದೀರಿ. ಇವರಲ್ಲಿ ಎಷ್ಟೋ ಜನ ಸಾಯಲೆಂದೇ ಬರುವವರು. 1980ರಿಂದ 2019ರವರೆಗಿನ 133 ಘಟನೆಗಳನ್ನು ನೋಡಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಸಶಸ್ತ್ರ ಕಾವಲಿದ್ದ ಕಡೆ ಸಾವು ಕಡಿಮೆ ಇರಲಿಲ್ಲ, ಜಾಸ್ತಿಯೇ ಇತ್ತು. ಕಾವಲೇ ಅದಕ್ಕೆ ಕಾರಣ ಅಂತ ಹೇಳಲಾಗದು. ಹೆದರುತ್ತಾನೆ ಅನ್ನುವ ಸಾಲು ಮಾತ್ರ ನಿಲ್ಲುವುದಿಲ್ಲ.

ಇನ್ನು ಗನ್ ಎಲ್ಲಿರುತ್ತದೆ ಅನ್ನುವುದು. 2014ರಲ್ಲಿ ಯೂಟಾ ರಾಜ್ಯದ ಶಿಕ್ಷಕಿಯೊಬ್ಬರ ಗನ್ ಶಾಲೆಯ ಶೌಚಾಲಯದಲ್ಲಿ ಹಾರಿ, ಒಡೆದ ಚೂರುಗಳು ಅವರ ಕಾಲಿಗೇ ತಾಗಿದವು. 2018ರಲ್ಲಿ ಕ್ಯಾಲಿಫೋರ್ನಿಯಾದ ಸೀಸೈಡ್‌ನಲ್ಲಿ ಮೀಸಲು ಪೊಲೀಸ್ ಅಧಿಕಾರಿಯೂ ಆಗಿದ್ದ ಶಿಕ್ಷಕರು ಸುರಕ್ಷತೆಯ ಪಾಠ ಮಾಡುವಾಗಲೇ ಗನ್ ಚಾವಣಿಗೆ ಹಾರಿತು, ವಿದ್ಯಾರ್ಥಿಗೆ ಗಾಯವಾಯಿತು. ಇವರು ಯಾರೂ ಕೆಟ್ಟವರಲ್ಲ, ಬೇಜವಾಬ್ದಾರಿ ಮನುಷ್ಯರೂ ಅಲ್ಲದಿರಬಹುದು. ದಿನಕ್ಕೆ ಏಳು ಗಂಟೆ ಮಕ್ಕಳ ಜೊತೆ ಬಗ್ಗಿ, ಎದ್ದು, ಅಪ್ಪಿಕೊಂಡು, ಜಗಳ ಬಿಡಿಸಿ ಕೆಲಸ ಮಾಡುವವರ ಸೊಂಟದಲ್ಲಿ ಗನ್ ಇದ್ದರೆ ಇಂಥದ್ದು ಆಗುತ್ತದೆ. ಬೀಗ ಹಾಕಿಟ್ಟರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ಇದಕ್ಕೆ ನಿಮ್ಮ ಉತ್ತರ ಏನು?

ನನಗೆ ನಿಜವಾಗಿ ಬೇಸರವಾದದ್ದು ಬೇರೆ ವಿಷಯಕ್ಕೆ. ಇಸ್ರೇಲ್‌ವರೆಗೂ ಹೋದ ನೀವು ನಿಮ್ಮದೇ ರಾಜ್ಯ ನೋಡಲಿಲ್ಲ. ಈ ಚರ್ಚೆಯ ಅತಿ ಒಳ್ಳೆಯ ಕಥೆ ಒಹಾಯೊದಲ್ಲೇ ಇದೆ. ಬಟ್ಲರ್ ಕೌಂಟಿಯ ಮ್ಯಾಡಿಸನ್ ಶಾಲೆಯ ಕೆಫೆಟೇರಿಯಾದಲ್ಲಿ 2016ರಲ್ಲಿ 14 ವರ್ಷದ ಹುಡುಗ ಗುಂಡು ಹಾರಿಸಿದ. ಮಕ್ಕಳಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ಆಮೇಲೆ ಅಲ್ಲಿನ ಶಾಲಾ ಮಂಡಳಿ ಸಿಬ್ಬಂದಿಗೆ ಗನ್ ಕೊಡಲು ತೀರ್ಮಾನಿಸಿತು. ಅಲ್ಲಿನ ಪೋಷಕರೇ ಕೆಲವರು ಕೋರ್ಟಿಗೆ ಹೋದರು. 2021ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಪೋಷಕರ ಪರ ನಿಂತಿತು: ಪೊಲೀಸರಿಗೆ ಕೊಡುವಂಥ, 700 ಗಂಟೆ ಮೀರಿದ ತರಬೇತಿ ಇಲ್ಲವೇ 20 ವರ್ಷದ ಪೊಲೀಸ್ ಅನುಭವ ಬೇಕು ಅಂತು. ಒಂದೇ ವರ್ಷ. 2022ರ ಜೂನ್‌ನಲ್ಲಿ ಗವರ್ನರ್ ಮೈಕ್ ಡಿವೈನ್ ಹೊಸ ಕಾನೂನಿಗೆ ಸಹಿ ಹಾಕಿದರು. ತರಬೇತಿ 24 ಗಂಟೆಗೆ ಇಳಿಯಿತು. ಬೇಕೋ ಬೇಡವೋ ಅನ್ನುವ ನಿರ್ಧಾರ ಆಯಾ ಶಾಲಾ ಮಂಡಳಿಗೆ. ಸಿಬ್ಬಂದಿ ಬಳಿ ಗನ್ ಇದೆ ಅಂತ ಪೋಷಕರಿಗೆ ತಿಳಿಸಬೇಕು, ಯಾರ ಬಳಿ ಅಂತ ಹೇಳಬೇಕಾಗಿಲ್ಲ. ಅಂದರೆ ನಿಮ್ಮ ಮಗಳ ಟೀಚರ್ ಬಗ್ಗೆ ನಿಮಗೆ ಗೊತ್ತಾಗುವುದೇ ಇಲ್ಲ. ಗುಂಡು ತಿಂದ ಶಾಲೆಯ ಪೋಷಕರೇ ಯಾಕೆ ಬೇಡ ಅಂದರು? 700ರಿಂದ 24ಕ್ಕೆ ಇಳಿದದ್ದು ನಿಮಗೆ ಸರಿ ಕಾಣುತ್ತದೆಯಾ? ಕಾರಿನಲ್ಲಿ ಹೋಗಿ ಕೇಳಿಕೊಂಡು ಬರುವಷ್ಟು ಹತ್ತಿರ ಇದೆ ಆ ಊರು.

ಒಹಾಯೊದ ಚಾರ್ಡನ್ ಕೂಡ ಮರೆಯಬೇಡಿ. 2012ರ ಫೆಬ್ರವರಿಯಲ್ಲಿ ಅಲ್ಲಿನ ಹೈಸ್ಕೂಲಿನಲ್ಲಿ ಮೂವರು ವಿದ್ಯಾರ್ಥಿಗಳು ಸತ್ತರು. ಫುಟ್‌ಬಾಲ್ ಕೋಚ್ ಫ್ರಾಂಕ್ ಹಾಲ್ ಬರಿಗೈಯಲ್ಲಿ ಹಂತಕನ ಕಡೆ ನುಗ್ಗಿ, ಅವನನ್ನು ಕಟ್ಟಡದಿಂದ ಹೊರಗೆ ಓಡಿಸಿದರು. ಗನ್ ಇದ್ದಿದ್ದರೆ ಮೂವರೂ ಉಳಿಯುತ್ತಿದ್ದರು ಅಂತ ನೀವು ವಾದಿಸಬಹುದು. ವಾದಿಸಿ.

ಇಡೀ ಲೇಖನದಲ್ಲಿ ಒಬ್ಬ ಶಿಕ್ಷಕಿಯ ಮಾತೂ ಇಲ್ಲ ಅನ್ನುವುದು ಇನ್ನೊಂದು ಕೊರತೆ. ಗನ್ ಹಿಡಿಯಬೇಕಾದವರು ಅವರು, ಮಾತಾಡುತ್ತಿರುವವರು ನಾವು. 2023ರಲ್ಲಿ ರ್‍ಯಾಂಡ್ ಸಂಸ್ಥೆ ಅಮೆರಿಕದ ಶಿಕ್ಷಕರ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಶಿಕ್ಷಕರು ಗನ್ ಇಟ್ಟುಕೊಂಡರೆ ಶಾಲೆಯ ಸುರಕ್ಷತೆ ಕಡಿಮೆಯಾಗುತ್ತದೆ ಅಂದವರು 54 ಶೇಕಡಾ. ಹೆಚ್ಚುತ್ತದೆ ಅಂದವರು 20. ಆ 20ರಲ್ಲಿ ಒಬ್ಬರನ್ನು, 54ರಲ್ಲಿ ಒಬ್ಬರನ್ನು ಹುಡುಕಿ ಮಾತಾಡಿಸಿ.

ಹಾಗೇ, ಗನ್ ಎಲ್ಲಿಂದ ಬರುತ್ತದೆ ಅನ್ನುವುದಕ್ಕೂ ಜಾಗ ಕೊಡಿ. ಅಮೆರಿಕದ ಸೀಕ್ರೆಟ್ ಸರ್ವಿಸ್ 2019ರ ವರದಿಯಲ್ಲಿ ಹೇಳಿದ ಪ್ರಕಾರ, ಶಾಲೆಯಲ್ಲಿ ಗನ್ ಬಳಸಿದ ಹುಡುಗರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಅದು ಸಿಕ್ಕಿದ್ದು ಅಪ್ಪ ಅಮ್ಮನ ಅಥವಾ ಹತ್ತಿರದ ನೆಂಟರ ಮನೆಯಲ್ಲಿ. ಆಕ್ಸ್‌ಫರ್ಡ್ ಹುಡುಗನ ತಂದೆ ತಾಯಿಗೆ 2024ರಲ್ಲಿ ತಲಾ 10ರಿಂದ 15 ವರ್ಷ ಜೈಲಾಯಿತು. ಮನೆಯ ಗನ್ನಿಗೆ ಬೀಗ ಹಾಕಿಸುವುದು ಕ್ಲಾಸಿಗೆ ಗನ್ ತರುವುದಕ್ಕಿಂತ ಸುಲಭ ಅಂತ ನನಗನ್ನಿಸುತ್ತದೆ. ನಿಮಗೆ ಅನ್ನಿಸದಿದ್ದರೆ ಯಾಕೆ ಅಂತ ಬರೆಯಿರಿ.

ಕೊನೆಗೆ, ನಿಮ್ಮ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಜಾಗ. ಏಳನೇ ಪುಟ. ಗುಂಡಿನ ದಾಳಿಯಾದರೆ ಹೇಗೆ ಅಡಗಬೇಕು ಅಂತ ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಮಾಡಿಸುತ್ತಾರೆ, ದೀಪ ಆರಿಸಿ ಮೂಲೆಯಲ್ಲಿ ಕೂರಿಸುತ್ತಾರೆ. ಆಮೇಲೆ ನಿಮ್ಮ ಮಗಳು ಹೆಜ್ಜೆ ಇಟ್ಟರೆ ಮಿನುಗುವ ಶೂ ಬೇಡ ಅಂದಳು, ಕತ್ತಲೆಯಲ್ಲಿ ಕಾಣಿಸಿಬಿಡುತ್ತೇನೆ ಅಂತ. ಮೂರೇ ಸಾಲಿನಲ್ಲಿ ಮುಗಿಸಿ ಮತ್ತೆ ವಾದಕ್ಕೆ ಓಡಿದ್ದೀರಿ. ಯಾಕೆ ಓಡಿದಿರಿ? ಅಲ್ಲಿ ನೀವು ಅಂಕಣಕಾರರಲ್ಲ, ಹೆದರಿದ ಅಪ್ಪ. ಆ ಹೆದರಿಕೆ ನನಗೆ ಪೂರ್ತಿ ಅರ್ಥವಾಗುತ್ತದೆ, ಗನ್ ಬೇಕು ಅನ್ನಿಸುವುದೂ ಅಲ್ಲಿಂದಲೇ. ಲೇಖನ ಅಲ್ಲಿಂದ ಶುರುವಾಗಲಿ. ಊರಿನಲ್ಲಿರುವ ಅಜ್ಜಿಗೆ ಈ ಡ್ರಿಲ್ ಬಗ್ಗೆ ಫೋನಿನಲ್ಲಿ ಏನು ಹೇಳುತ್ತೀರಿ, ಏನು ಮುಚ್ಚಿಡುತ್ತೀರಿ, ಅದನ್ನೂ ಬರೆಯಿರಿ. ಇದು ಅಮೆರಿಕದ ಇಂಗ್ಲಿಷ್ ಪತ್ರಿಕೆಯಲ್ಲಿ ಯಾರೂ ಬರೆಯಲಾರರು.

ಹನ್ನೊಂದು ಪುಟ ಬೇಡ, ಐದು ಸಾಕು. ಮ್ಯಾಡಿಸನ್ ಶಾಲೆಯ ಕಥೆಗೆ ಒಂದೂವರೆ ಪುಟ ಕೊಡಿ. ಅಂಕಿ ಬಳಸಿದ ಕಡೆ ಎಲ್ಲಿಂದ ತಂದಿರಿ ಅಂತ ನನಗೆ ಬೇರೆ ಹಾಳೆಯಲ್ಲಿ ಬರೆದು ಕಳಿಸಿ, ನಾನು ನೋಡಿಕೊಳ್ಳುತ್ತೇನೆ. ನಿಮ್ಮ ಶಾಲಾ ಮಂಡಳಿ ಈ ವಿಷಯ ಚರ್ಚೆಗೆ ತರಲಿದೆ ಅಂತ ಬರೆದಿದ್ದೀರಿ. ಆ ಸಭೆಗೆ ಹೋಗಿ, ಕೂತು ಕೇಳಿ, ಆಮೇಲೆ ಬರೆಯಿರಿ. ಅಲ್ಲಿಯವರೆಗೆ ಜಾಗ ಕಾದಿರಿಸುತ್ತೇನೆ.

ಇಂತಿ,
ಸಂಪಾದಕ